ಅಡುಗೆಮನೆಯ ಗ್ಯಾಸು, ಕುಡಿಕೆ ಹೊನ್ನು: ಬಾಂಬೆ ಹೈ ಹೇಳುವ ಲೆಕ್ಕ

ಪೊವಾಯಿ, ಐರೋಲಿ, ಥಾಣೆ, ಗೋರೆಗಾಂವ್ ಕಡೆ ಇರುವ ನಮ್ಮ ಐಟಿ ಮಂದಿಗೆ ಮೊದಲು ಒಂದು ಸಣ್ಣ ಪ್ರಶ್ನೆ. ಬೆಳಗ್ಗೆ ಕ್ಯಾಬ್ ಬರುವ ಮುಂಚೆ ಗಡಿಬಿಡಿಯಲ್ಲಿ ಕಾಫಿ ಕಾಯಿಸಿದಿರಲ್ಲ, ಆ ಪೈಪ್ ಗ್ಯಾಸ್ ಎಲ್ಲಿಂದ ಬಂತು ಅಂತ ಯಾವತ್ತಾದರೂ ಯೋಚಿಸಿದ್ದೀರಾ?

ಅದರಲ್ಲಿ ಒಂದು ಪಾಲು ಬರುವುದು ನಮ್ಮ ಪಕ್ಕದ ಸಮುದ್ರದಿಂದಲೇ. ಮುಂಬೈ ತೀರದಿಂದ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರ್ ಹೋದರೆ ಬಾಂಬೆ ಹೈ ಸಿಗುತ್ತೆ. ಅಲ್ಲಿನ ಗ್ಯಾಸ್ ಉರಣ್‌ನಲ್ಲಿ ದಡ ಸೇರಿ, ಪೈಪು ಹಿಡಿದು ನಮ್ಮ ಬಿಲ್ಡಿಂಗ್‌ಗಳಿಗೆ ಬರುತ್ತೆ. ನಾವು ಹತ್ತುವ ರಿಕ್ಷಾ ಓಡುವುದೂ ಇದೇ ಗ್ಯಾಸಿನ ಮೇಲೆ. 2024ರ ನವೆಂಬರ್‌ನಲ್ಲಿ ಮುಂಬೈಯಲ್ಲಿ ಸಿಎನ್‌ಜಿ ಕೆಜಿಗೆ 2 ರೂಪಾಯಿ ಏರಿ 77 ಆಯಿತು, ನೆನಪಿರಬಹುದು. ಕಾರಣ ಏನು? ಹಳೆಯ ಬಾವಿಗಳ ಉತ್ಪಾದನೆ ಇಳಿಯುತ್ತಾ ಇತ್ತು. ಹಾಗಾಗಿ ಸರ್ಕಾರ ಕಡಿಮೆ ಬೆಲೆಯ ದೇಶೀ ಗ್ಯಾಸಿನಲ್ಲಿ ವಾಹನಗಳಿಗೆ ಸಿಗುವ ಪಾಲನ್ನು ಕತ್ತರಿಸಿತು. ಆ ಜಾಗಕ್ಕೆ ದುಬಾರಿ ಗ್ಯಾಸ್ ಬಂತು.

ಅಂದರೆ ಸಮುದ್ರದ ತಳದಲ್ಲಿ ಏನೋ ಖಾಲಿಯಾಗ್ತಾ ಇದೆ, ಅದರ ಬಿಲ್ಲು ನಮ್ಮ ಜೇಬಿಗೆ ಬರ್ತಾ ಇದೆ. ಇವತ್ತಿನ ಮಾತು ಈ ಬಿಲ್ಲಿನ ಬಗ್ಗೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1973ರ ಕೊನೆಗೆ ಅರಬ್ ದೇಶಗಳು ತೈಲದ ನಲ್ಲಿ ತಿರುಗಿಸಿದವು. ಬ್ಯಾರೆಲ್‌ಗೆ ಸುಮಾರು 3 ಡಾಲರ್ ಇದ್ದ ಕಚ್ಚಾ ತೈಲ ಕೆಲವೇ ತಿಂಗಳಲ್ಲಿ 12 ಡಾಲರ್ ಹತ್ತಿರ ಹೋಯಿತು. ನಮ್ಮ ಹತ್ತಿರ ಆಗ ಇದ್ದದ್ದು ಮುಖ್ಯವಾಗಿ ಅಸ್ಸಾಂ, ಗುಜರಾತಿನ ಬಾವಿಗಳು. ಅಂಥ ಹೊತ್ತಿನಲ್ಲಿ, 1974ರ ಫೆಬ್ರವರಿಯಲ್ಲಿ, ಜಪಾನಿನಲ್ಲಿ ಕಟ್ಟಿದ 'ಸಾಗರ್ ಸಮ್ರಾಟ್' ರಿಗ್ ಬಾಂಬೆ ಹೈಯಲ್ಲಿ ತೈಲ ಕಂಡಿತು. 1976ರ ಮೇ ತಿಂಗಳಲ್ಲಿ ಉತ್ಪಾದನೆ ಶುರು. 1985ರ ಹೊತ್ತಿಗೆ ದಿನಕ್ಕೆ ಸುಮಾರು 4.7 ಲಕ್ಷ ಬ್ಯಾರೆಲ್! ಆ ವರ್ಷಗಳಲ್ಲಿ ದೇಶಕ್ಕೆ ಬೇಕಾದ ತೈಲದಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ದೇಶದೊಳಗೇ ಸಿಗುತ್ತಿತ್ತು.

ಈಗ? 2024ರಲ್ಲಿ ಅದೇ ಬಾಂಬೆ ಹೈ ದಿನಕ್ಕೆ ಕೊಡುತ್ತಿದ್ದದ್ದು ಸುಮಾರು 1.34 ಲಕ್ಷ ಬ್ಯಾರೆಲ್. ದೇಶ ಬಳಸುವ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಆಮದು. ಬಳಕೆ ಹಲವು ಪಟ್ಟು ಬೆಳೆದಿದೆ, ನಿಜ. ಆದರೆ ಇದ್ದದ್ದು ಕರಗಿದ್ದೂ ಅಷ್ಟೇ ನಿಜ.

ಈಗ ಲೆಕ್ಕಕ್ಕೆ ಬರೋಣ. ಊರಲ್ಲಿ ನಿಮಗೆ ಹತ್ತು ಎಕರೆ ಅಡಿಕೆ ತೋಟ ಇದೆ ಅಂದ್ಕೊಳ್ಳಿ. ವರ್ಷ ವರ್ಷ ಅಡಿಕೆ ಮಾರಿದರೆ ಅದು ಆದಾಯ. ಅದೇ ವರ್ಷಕ್ಕೊಂದು ಎಕರೆ ತೋಟವನ್ನೇ ಮಾರಿ, ಬಂದ ದುಡ್ಡನ್ನು ಸಂಬಳದ ಜತೆ ಸೇರಿಸಿ, "ನನ್ನ ವರಮಾನ ಎಷ್ಟು ಬೆಳೆದಿದೆ ನೋಡಿ" ಅಂದರೆ? ಮನೆಯಲ್ಲಿ ಹಿರಿಯರು ಏನಂತಾರೆ ಅಂತ ನಿಮಗೇ ಗೊತ್ತು. ಆದರೆ ದೇಶಗಳ ಜಿಡಿಪಿ ಮಾಡುವುದು ಇದನ್ನೇ. ನೆಲದಿಂದ ತೈಲ ತೆಗೆದರೆ ಪೂರ್ತಿ ಆದಾಯ ಅಂತ ಬರೆದುಕೊಳ್ಳುತ್ತೆ. ನೆಲದೊಳಗೆ ಕಡಿಮೆಯಾದದ್ದನ್ನು ಎಲ್ಲೂ ಕಳೆಯುವುದಿಲ್ಲ.

ಈ ತಪ್ಪನ್ನು ಲೆಕ್ಕ ಹಾಕಿ ತೋರಿಸಿದವರು ರಾಬರ್ಟ್ ರೆಪೆಟೊ ಮತ್ತು ಅವರ ಸಂಗಡಿಗರು. 1989ರಲ್ಲಿ ಇಂಡೋನೇಷ್ಯಾದ ಲೆಕ್ಕ ಬಿಚ್ಚಿಟ್ಟರು. 1971ರಿಂದ 1984ರವರೆಗೆ ಆ ದೇಶ ವರ್ಷಕ್ಕೆ ಸುಮಾರು 7% ಬೆಳೆದಿದೆ ಅಂತ ಎಲ್ಲರೂ ಹೊಗಳುತ್ತಿದ್ದರು. ತೈಲ, ಕಾಡು, ಮಣ್ಣು ಕರಗಿದ್ದನ್ನು ಕಳೆದರೆ ಉಳಿದದ್ದು ಸುಮಾರು 4%.

ಹಾಗಾದರೆ ತೈಲ ತೆಗೆಯಲೇಬಾರದಾ? ಹಾಗಲ್ಲ. ವಿಶ್ವಬ್ಯಾಂಕಿನಲ್ಲಿದ್ದ ಸಲಾಹ್ ಎಲ್ ಸೆರಾಫಿ ಒಂದು ಸರಳ ಸೂತ್ರ ಕೊಟ್ಟರು. ಗಣಿ ಇನ್ನು 20 ವರ್ಷ ಬಾಳುತ್ತೆ, ಬಡ್ಡಿ 5% ಅಂತಿಟ್ಟುಕೊಳ್ಳಿ. ಆಗ ಪ್ರತಿ 100 ರೂಪಾಯಿ ನಿವ್ವಳ ಗಳಿಕೆಯಲ್ಲಿ ಸುಮಾರು 64 ರೂಪಾಯಿ ಮಾತ್ರ ನಿಜವಾದ ಆದಾಯ. ಉಳಿದ 36 ರೂಪಾಯಿ ಬಂಡವಾಳ, ಅದನ್ನು ಬೇರೆ ಕಡೆ ಹೂಡಬೇಕು. ಗಣಿಗೆ 10 ವರ್ಷ ಮಾತ್ರ ಉಳಿದಿದ್ದರೆ 58 ರೂಪಾಯಿ ಎತ್ತಿಡಬೇಕು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅಂತ ನಮ್ಮ ಅಜ್ಜಿಯರು ಹೇಳುತ್ತಿದ್ದ ಗಾದೆ ಇದೆಯಲ್ಲ, ಅದನ್ನೇ ಇವರು ಸೂತ್ರ ಮಾಡಿದ್ದಾರೆ.

ಇದನ್ನು ಪಾಲಿಸಿದ ದೇಶ ನಾರ್ವೆ. ಅಲ್ಲೂ ಸಮುದ್ರದ ತೈಲವೇ, 1971ರಲ್ಲಿ ಉತ್ಪಾದನೆ ಶುರು. 1990ರಲ್ಲಿ ನಿಧಿಗೆ ಕಾನೂನು ಮಾಡಿದರು, 1996ರಲ್ಲಿ ಮೊದಲ ಹಣ ಹಾಕಿದರು. ಇವತ್ತು ಅದರಲ್ಲಿ ಒಂದೂವರೆ ಲಕ್ಷ ಕೋಟಿ ಡಾಲರ್‌ಗೂ ಹೆಚ್ಚಿದೆ.

ನಾರ್ವೆ ಜತೆ ನಮ್ಮನ್ನು ಹೋಲಿಸುವುದು ನ್ಯಾಯ ಅಲ್ಲ, ಒಪ್ಪುತ್ತೇನೆ. ಅವರು 55 ಲಕ್ಷ ಜನ, ಶ್ರೀಮಂತರು. ನಮ್ಮಲ್ಲಿ ಆಗ ಸೀಮೆಎಣ್ಣೆ ಬುಡ್ಡಿಯೇ ಎಷ್ಟೋ ಮನೆಗಳ ಬೆಳಕು. ದೇಶೀ ತೈಲದ ಬೆಲೆಯನ್ನು 2002ರವರೆಗೆ ಸರ್ಕಾರವೇ ಕಟ್ಟಿಹಾಕಿತ್ತು. ಲಾಭದ ಒಂದು ಪಾಲು ಅಗ್ಗದ ಸೀಮೆಎಣ್ಣೆ, ಸಿಲಿಂಡರ್ ಆಗಿ ನಮ್ಮ ನಿಮ್ಮ ಮನೆಗೇ ಬಂತು. ಕೆಲವು ಗಟ್ಟಿ ಆಸ್ತಿಗಳೂ ಆದವು. ಅಲಿಬಾಗ್ ಹತ್ತಿರ ಥಳದ ಗೊಬ್ಬರ ಕಾರ್ಖಾನೆ ಈ ಗ್ಯಾಸನ್ನೇ ನಂಬಿ ಎದ್ದದ್ದು, ಇವತ್ತಿಗೂ ನಡೀತಿದೆ.

ಆದರೆ ಪೋಲಾದದ್ದೂ ಇದೆ. ತೈಲದ ಜತೆ ಮೇಲೆ ಬಂದ ಗ್ಯಾಸನ್ನು ಸಾಗಿಸಲು ಸಾಕಷ್ಟು ಪೈಪ್‌ಲೈನ್ ಇರಲಿಲ್ಲ. ಏನು ಮಾಡಿದರು? ಸುಟ್ಟರು. 1990-91ರಲ್ಲಿ ದೇಶ ತೆಗೆದ ಸುಮಾರು 1,800 ಕೋಟಿ ಘನ ಮೀಟರ್ ಗ್ಯಾಸಿನಲ್ಲಿ 500 ಕೋಟಿಯಷ್ಟು ಹಾಗೇ ಉರಿದುಹೋಯಿತು. ಇವತ್ತು ಅದೇ ಗ್ಯಾಸನ್ನು ಹಡಗಿನಲ್ಲಿ ತರಿಸಿ ಡಾಲರ್ ಕೊಡ್ತೀವಿ.

ಜತೆಗೆ ಅವಸರ. ಎಂಬತ್ತರ ದಶಕದಲ್ಲಿ ಜೋರಾಗಿ ತೆಗೆದದ್ದಕ್ಕೆ ಬಂಡೆಯೊಳಗಿನ ಒತ್ತಡ ಕುಸಿಯಿತು, ಬಾವಿಗಳಿಗೆ ರಿಪೇರಿ ಬೇಕಾಯಿತು. ದೇಶದ ಒಟ್ಟು ಉತ್ಪಾದನೆ 1989-90ರಲ್ಲಿ 3.4 ಕೋಟಿ ಟನ್ ಇದ್ದದ್ದು 1992-93ಕ್ಕೆ 2.7 ಕೋಟಿ ಟನ್‌ಗೆ ಇಳಿಯಿತು. ಇದು ಎಂಥ ಹೊತ್ತು ನೋಡಿ. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತ್‌ಗೆ ನುಗ್ಗಿತು, ತೈಲದ ಬೆಲೆ ಹಾರಿತು, ನಮ್ಮ ಡಾಲರ್ ಖಾಲಿ. ಬಿಕ್ಕಟ್ಟಿಗೆ ಬೇರೆ ಕಾರಣಗಳೂ ಇದ್ದವು, ಆದರೆ ಇದು ಗಾಯದ ಮೇಲೆ ಬರೆ. 1991ರ ಜುಲೈನಲ್ಲಿ ಸುಮಾರು 47 ಟನ್ ಚಿನ್ನ ಇದೇ ಮುಂಬೈಯಿಂದ ವಿಮಾನದಲ್ಲಿ ಅಡವಿಗೆ ಹೋಯಿತು.

ಚಿನ್ನ ಅಂದ ಕೂಡಲೇ ನಮಗೆ ನೆನಪಾಗುವುದು ಕೆಜಿಎಫ್. ಸಿನಿಮಾ ಅಲ್ಲ, ಊರು. 1880ರಿಂದ 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ಊರು. ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದು ತೆಗೆದರು. 2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿತು. ಚಿನ್ನ ಎಲ್ಲೆಲ್ಲಿಗೋ ಹೋಯಿತು, ಊರಿಗೆ ಉಳಿದದ್ದು ಸಯನೈಡ್ ಮಣ್ಣಿನ ದಿಬ್ಬಗಳು. ಇವತ್ತು ಅಲ್ಲಿನ ಸಾವಿರಾರು ಜನ ಬೆಳಗಿನ ಜಾವ ಮಾರಿಕುಪ್ಪಂನಿಂದ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರ್ತಾರೆ. ವಿರಾರ್, ಕಲ್ಯಾಣ್ ಲೋಕಲ್ ಕಂಡವರಿಗೆ ಆ ಆಯಾಸ ಬಿಡಿಸಿ ಹೇಳಬೇಕಿಲ್ಲ.

ಆದರೆ ಅದೇ ಕಥೆಯಲ್ಲಿ ಇನ್ನೊಂದು ಎಳೆ ಇದೆ. ಆ ಗಣಿಗೆ ಕರೆಂಟ್ ಬೇಕು ಅಂತ 1902ರಲ್ಲಿ ಶಿವನಸಮುದ್ರದಲ್ಲಿ ಜಲವಿದ್ಯುತ್ ಕೇಂದ್ರ ಕಟ್ಟಿದರು. 1905ರಲ್ಲಿ ಆ ಕರೆಂಟ್ ಬೆಂಗಳೂರಿಗೂ ಬಂತು. ಚಿನ್ನ ಮುಗಿಯಿತು, ಶಿವನಸಮುದ್ರ ಉಳಿಯಿತು. ಮುಗಿಯುವುದನ್ನು ಮುಗಿಯದ್ದಾಗಿ ಬದಲಿಸುವುದು ಅಂದರೆ ಇದೇ. ಬೇಸರ ಏನೆಂದರೆ, ಉಳಿದದ್ದರ ಫಲ ಹೆಚ್ಚು ಸಿಕ್ಕಿದ್ದು ಬೇರೆಯವರಿಗೆ, ಗುಂಡಿಗೆ ಇಳಿದವರ ಮಕ್ಕಳಿಗಲ್ಲ.

ಇದು ಮುಗಿದ ಕಥೆಯೂ ಅಲ್ಲ. ಬಾಂಬೆ ಹೈಯಲ್ಲಿ ಉತ್ಪಾದನೆ ಹೆಚ್ಚಿಸಲು 2025ರ ಜನವರಿಯಲ್ಲಿ ಒಎನ್‌ಜಿಸಿ ಬ್ರಿಟನ್ನಿನ ಬಿಪಿ ಕಂಪನಿಯನ್ನು ಆರಿಸಿಕೊಂಡಿತು. ಸಂಡೂರಿನಲ್ಲಿ ಅದಿರು ತೆಗೆಯುವುದು ನಡೆದೇ ಇದೆ. 2015ರ ತಿದ್ದುಪಡಿ ಪ್ರಕಾರ ಗಣಿ ಇರುವ ಜಿಲ್ಲೆಗಳಿಗೆ ಖನಿಜ ಪ್ರತಿಷ್ಠಾನ ನಿಧಿ ಬರುತ್ತೆ. ಹಾಗಾಗಿ ಇನ್ನು ಮುಂದೆ "ಉತ್ಪಾದನೆ ಇಷ್ಟು ಏರಿತು" ಅಂತ ಸುದ್ದಿ ಬಂದಾಗ ಎರಡು ಪ್ರಶ್ನೆ ಕೇಳೋಣ: ಒಳಗೆ ಇನ್ನೆಷ್ಟು ಉಳಿದಿದೆ? ತೆಗೆದದ್ದು ಏನಾಗಿ ಬದಲಾಯಿತು?

ನಾಳೆ ಬೆಳಗ್ಗೆ ಸ್ಟವ್ ಹಚ್ಚುವಾಗ ಆ ನೀಲಿ ಜ್ವಾಲೆಯನ್ನು ಒಂದು ಕ್ಷಣ ನೋಡಿ. ಅದು ಅಡಿಕೆಯಲ್ಲ, ತೋಟ. ಕೆಜಿಎಫ್ ಕಡೆಯವರು, ಮನೆಯಲ್ಲಿ ಗಣಿ ಅಥವಾ ರಿಗ್‌ನಲ್ಲಿ ದುಡಿದವರು ಇದ್ದರೆ ನಿಮ್ಮ ನೆನಪು ಬರೆದು ಕಳಿಸಿ.