ಕೂಟ ದಂಗೆಯಾದ ಬಗೆ

ಒಡೆಯರ ಮೈಸೂರು ರಾಜ್ಯದಲ್ಲಿ, ಇಂದಿನ ಶಿವಮೊಗ್ಗದ ಸುತ್ತಲ ಪ್ರದೇಶಕ್ಕೆ ಆಗ ನಗರ ಸೀಮೆ ಎಂಬ ಹೆಸರಿತ್ತು. 1830ರಲ್ಲಿ ಅಲ್ಲಿನ ರೈತರು ಕಂದಾಯ ಕಟ್ಟದೆ ಗುಂಪುಗೂಡತೊಡಗಿದರು. ಆ ಸೇರುವಿಕೆಗೆ ‘ಕೂಟ’ ಎಂದರು. ಅದನ್ನು ವಿಚಾರಿಸಿ 1833ರಲ್ಲಿ ವರದಿ ಕೊಟ್ಟ ಈಸ್ಟ್ ಇಂಡಿಯಾ ಕಂಪನಿಯ ಸಮಿತಿ ಬಳಸಿದ ಪದ ‘ಇನ್ಸರೆಕ್ಷನ್’, ಎಂದರೆ ದಂಗೆ. ನಮ್ಮ ಚರಿತ್ರೆಕಾರರೂ ‘ನಗರದ ದಂಗೆ’ ಎಂದೇ ಬರೆಯುತ್ತ ಬಂದಿದ್ದಾರೆ. ರೈತರು ಮೊದಲು ಮಾಡಿದ್ದನ್ನು ಈ ಹೆಸರು ಮರೆಮಾಡುತ್ತದೆ ಎಂಬುದು ನನ್ನ ವಾದ. ಅವರ ಸಿಟ್ಟಿಗೆ ಕಾರಣ ‘ಶರ್ತಿ’ ಪದ್ಧತಿ. ಇಷ್ಟು ಹಣ ಕೂಡಿಸಿ ಕೊಡುತ್ತೇನೆಂದು ಅಮಲ್ದಾರ ಮೊದಲೇ ಒಪ್ಪಿಕೊಳ್ಳಬೇಕು, ಕಡಿಮೆ ಬಿದ್ದರೆ ತಾನೇ ತುಂಬಬೇಕು. ಅವನು ಅದನ್ನು ಯಾರಿಂದ ಹಿಂಡುತ್ತಿದ್ದನೆಂದು ಬೇರೆ ಹೇಳಬೇಕಿಲ್ಲ. ರೈತರ ಕುಂದುಕೊರತೆ ನಿಜವೆಂದು, ಆಡಳಿತ ಕೆಟ್ಟಿತ್ತೆಂದು ಸಮಿತಿಯೂ ಒಪ್ಪಿತು. ಆದರೂ ತಲೆಬರಹ ಮಾತ್ರ ಬದಲಾಗಲಿಲ್ಲ.

ಆಯುಧ ಹಿಡಿದದ್ದು ಸುಳ್ಳೇ ಎಂದು ಕೇಳುವವರಿದ್ದಾರೆ. ಸುಳ್ಳಲ್ಲ. ತಾನು ಕೆಳದಿ ಅರಸರ ವಾರಸುದಾರನೆಂದು ಬೂದಿ ಬಸವಪ್ಪ ಎದ್ದುನಿಂತ, ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕ ಕೂಡಿಕೊಂಡ, 1831ರ ಜೂನ್‌ನಲ್ಲಿ ಇಂಗ್ಲಿಷ್ ಸೈನ್ಯ ನಗರವನ್ನು ಹಿಡಿಯಿತು. ಆದರೆ ಕಂದಾಯ ನಿಲ್ಲಿಸುವುದೂ ಕೋಟೆ ಹಿಡಿಯುವುದೂ ಒಂದೇ ಅಲ್ಲ. ಸಾಲದೆನ್ನುವವರು ಅದೇ ಕಾಲದ ಕರಾವಳಿಯ ಕನ್ನಡ (ಕೆನರಾ) ಜಿಲ್ಲೆಯನ್ನು ನೋಡಬೇಕು. 1830–31ರಲ್ಲಿ ಅಲ್ಲಿಯ ರೈತರೂ ಅರ್ಜಿ ಬರೆದರು, ಕಂದಾಯ ಕೊಡಲೊಲ್ಲೆವೆಂದರು, ಕದ್ರಿಯ ಮಂಜುನಾಥ ದೇವಸ್ಥಾನದಲ್ಲಿ ದೊಡ್ಡ ಕೂಟ ಸೇರಿದರು. ಅಲ್ಲಿ ಸಿಂಹಾಸನ ಕೇಳುವವನಿರಲಿಲ್ಲ, ಕೋಟೆಯ ಯುದ್ಧವೂ ನಡೆಯಲಿಲ್ಲ. ಹೀಗಿರುವಾಗ ನಗರದ ಕೂಟಕ್ಕೂ ಬಸವಪ್ಪನ ಹಕ್ಕುಸಾಧನೆಗೂ ಗಂಟು ಹಾಕಿ ಒಂದೇ ಹೆಸರಿಡುವುದು ನ್ಯಾಯವಲ್ಲ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಶಾಂತವಾದ ಪ್ರತಿಭಟನೆಗೆ ಇಂಗ್ಲಿಷಿನಲ್ಲಿ ಆಗ ಪದವೇ ಎಲ್ಲಿತ್ತು? ಅಮೆರಿಕದ ಲೇಖಕ ಥೋರೊನ ಪ್ರಬಂಧ ಅಚ್ಚಾದದ್ದು 1849ರಲ್ಲಿ. ‘ಸಿವಿಲ್ ಡಿಸ್ಒಬೀಡಿಯನ್ಸ್’ ಎಂಬ ಶೀರ್ಷಿಕೆ ಅದಕ್ಕೆ ಬಂದದ್ದು ಅವನು ತೀರಿಕೊಂಡ ಮೇಲೆ, 1866ರಲ್ಲಿ. ಐರ್ಲೆಂಡಿನ ಗೇಣಿದಾರರು ಒಬ್ಬ ಎಸ್ಟೇಟ್ ಏಜೆಂಟನನ್ನು ದೂರವಿಟ್ಟು ‘ಬಾಯ್ಕಾಟ್’ ಪದಕ್ಕೆ ಕಾರಣರಾದದ್ದು 1880ರಲ್ಲಿ. ನಿಜ, ಆ ಅಧಿಕಾರಿಗಳ ಕೈಯಲ್ಲಿ ಈ ಮಾತುಗಳಿರಲಿಲ್ಲ. ಆದರೆ ಕನ್ನಡ ಜಿಲ್ಲೆಯ ಕಡತಗಳಲ್ಲಿ ಅವರೇ ‘ಕೂಟ್’ ಎಂದು ಬರೆದುಕೊಂಡಿದ್ದರಲ್ಲ! ಪದ ಸಿಕ್ಕಿತ್ತು, ವರದಿಯ ತಲೆಗೆ ಏರಲಿಲ್ಲ. ಏರದಿರುವುದರಲ್ಲಿ ಅನುಕೂಲವೂ ಇತ್ತು: ಅಷ್ಟರಲ್ಲಿ, 1831ರ ಅಕ್ಟೋಬರ್‌ನಲ್ಲೇ, ಗವರ್ನರ್ ಜನರಲ್ ಬೆಂಟಿಂಕ್ ಮೈಸೂರಿನ ಆಡಳಿತವನ್ನು ಒಡೆಯರಿಂದ ಕಸಿದುಕೊಂಡಾಗಿತ್ತು. ರೈತರ ಅಸಹಕಾರಕ್ಕಿಂತ ಇನ್ಸರೆಕ್ಷನ್ ಆ ಕ್ರಮಕ್ಕೆ ಒಳ್ಳೆಯ ಸಮರ್ಥನೆ. ಆ ಆಡಳಿತ ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ. ಹೆಸರನ್ನು ಮಾತ್ರ ಯಾರೂ ಮರಳಿ ಕೇಳಿಲ್ಲ. 1831ರ ಯುದ್ಧಕ್ಕೆ ಬೇಕಾದರೆ ದಂಗೆ ಎನ್ನೋಣ. ಅದಕ್ಕೆ ಮುಂಚಿನ ತಿಂಗಳುಗಳನ್ನು ನಮ್ಮ ಪಠ್ಯಪುಸ್ತಕಗಳು ‘ರೈತರ ಕೂಟ’ ಎಂದೇ ಅಚ್ಚುಮಾಡಲಿ.