ಸ್ಟ್ರಾಮ್ ಥರ್ಮಂಡ್: ಹೊರಗಿನ ಭಾಷಣ, ಮನೆಯೊಳಗಿನ ಗುಟ್ಟು

ನಮ್ಮ ಥಿಯೇಟರ್, ಈಜುಕೊಳ, ಮನೆ, ಚರ್ಚುಗಳ ಒಳಗೆ ಕಪ್ಪು ಜನರನ್ನು ಬಿಟ್ಟುಕೊಳ್ಳೋ ಹಾಗೆ ಮಾಡೋಕೆ ಸೈನ್ಯ ಬಂದ್ರೂ ಆಗಲ್ಲ ಅಂತ 1948ರಲ್ಲಿ ಅಮೆರಿಕದ ಒಬ್ಬ ಗವರ್ನರ್ ಗುಡುಗಿದ. ರಾಜ್ಯ ಸೌತ್ ಕೆರೊಲಿನಾ, ಹೆಸರು ಸ್ಟ್ರಾಮ್ ಥರ್ಮಂಡ್.

ಮನೆಯೊಳಗೆ ಬಿಡಲ್ಲವಂತೆ! ಅವನ ಅಪ್ಪನ ಮನೆಯಲ್ಲಿ ಕೆಲಸಕ್ಕಿದ್ದ ಕ್ಯಾರಿ ಬಟ್ಲರ್ ಅನ್ನೋ ಕಪ್ಪು ಹುಡುಗಿಗೆ 1925ರಲ್ಲಿ ಹೆಣ್ಣುಮಗು ಹುಟ್ಟಿತು. ತಾಯಿಗೆ ಆಗ 16 ವರ್ಷ. ಮಗುವಿನ ಅಪ್ಪ ಇದೇ ಥರ್ಮಂಡ್. ಯಜಮಾನನ ಮಗನಿಗೆ ಬೇಡ ಅನ್ನೋ ಶಕ್ತಿ ಕೆಲಸದ ಹುಡುಗಿಗೆ ಎಲ್ಲಿಂದ ಬರಬೇಕು? ಬಿಳಿಯರು-ಕಪ್ಪು ಜನರ ಮದುವೆಯನ್ನು ಆ ರಾಜ್ಯದ ಸಂವಿಧಾನವೇ ನಿಷೇಧಿಸಿತ್ತು. ಆ ಸಾಲನ್ನು ಕಿತ್ತು ಹಾಕೋಕೆ ಮತದಾರರು ಒಪ್ಪಿದ್ದು 1998ರಲ್ಲಿ! ಅಂದ್ರೆ ಮುಟ್ಟೋದಕ್ಕೆ ಅಡ್ಡಿ ಇರಲಿಲ್ಲ, ಹೆಂಡತಿ ಅನ್ನೋ ಹಕ್ಕಿಗೆ ಮಾತ್ರ ಅಡ್ಡಿ. ಈ ನ್ಯಾಯ ನಮಗೇನು ಹೊಸದಲ್ಲ.

1948ರಲ್ಲಿ ಅಧ್ಯಕ್ಷ ಟ್ರೂಮನ್ ನಾಗರಿಕ ಹಕ್ಕುಗಳ ಪರ ನಿಂತಾಗ, ಸಿಡಿದು ಹೊರಬಂದವರ ಪಕ್ಷದಿಂದ ಈತ ಅಧ್ಯಕ್ಷ ಚುನಾವಣೆಗೆ ನಿಂತು 4 ರಾಜ್ಯ ಗೆದ್ದ. 1954ರಲ್ಲಿ ಸೆನೆಟ್‌ಗೆ ಆಯ್ಕೆಯಾದ. 1957ರಲ್ಲಿ ಕಪ್ಪು ಜನರ ಮತದಾನದ ಹಕ್ಕು ಕಾಯುವ ಮಸೂದೆ ತಡೆಯೋಕೆ 24 ಗಂಟೆ 18 ನಿಮಿಷ ಒಬ್ಬನೇ ಮಾತಾಡಿದ. ಮಸೂದೆ ಪಾಸಾಯ್ತು. 1964ರ ನಾಗರಿಕ ಹಕ್ಕು ಕಾಯ್ದೆಯನ್ನೂ ವಿರೋಧಿಸಿದ, ಅದೇ ವರ್ಷ ಡೆಮಾಕ್ರಟಿಕ್ ಪಕ್ಷ ಬಿಟ್ಟು ರಿಪಬ್ಲಿಕನ್ ಆದ.

1965ರ ಮತದಾನ ಹಕ್ಕು ಕಾಯ್ದೆಯಿಂದ ಕಪ್ಪು ಜನರ ವೋಟಿಗೆ ಬೆಲೆ ಬಂತು. ಈತನ ದನಿಯೂ ತಗ್ಗಿತು. 1971ರಲ್ಲಿ ಕಪ್ಪು ಸಹಾಯಕನನ್ನು ನೇಮಿಸಿಕೊಂಡ. 1983ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ರಜೆಗೂ ಪರವಾಗಿ ಮತ ಹಾಕಿದ. ಕೆಲವರು ಇದನ್ನ ಮನಪರಿವರ್ತನೆ ಅಂತಾರೆ. ಮನಸ್ಸಿಗಿಂತ ಮೊದಲು ಬದಲಾಗಿದ್ದು ವೋಟಿನ ಲೆಕ್ಕ ಅನ್ನೋದನ್ನ ಮರೀಬೇಡಿ.

ಆ ಮಗಳು? ಹೆಸರು ಎಸ್ಸಿ ಮೇ. ಗುಟ್ಟಾಗಿ ಭೇಟಿಯಾದ, ಓದಿಗೆ ದುಡ್ಡು ಕೊಟ್ಟ. ಆದ್ರೆ ಇವಳು ನನ್ನ ಮಗಳು ಅಂತ ಬಹಿರಂಗವಾಗಿ ಒಮ್ಮೆಯೂ ಹೇಳಲಿಲ್ಲ. 2003ರ ಜೂನ್‌ನಲ್ಲಿ, 100 ತುಂಬಿದ ಮೇಲೆ ಸತ್ತ. ಅದೇ ಡಿಸೆಂಬರ್‌ನಲ್ಲಿ 78 ವರ್ಷದ ಎಸ್ಸಿ ಮೇ ವಾಷಿಂಗ್ಟನ್-ವಿಲಿಯಮ್ಸ್, ನಿವೃತ್ತ ಟೀಚರ್, ಜಗತ್ತಿನ ಮುಂದೆ ಸತ್ಯ ಹೇಳಿದರು. ಮರುವರ್ಷ ರಾಜಧಾನಿ ಕೊಲಂಬಿಯಾದಲ್ಲಿರೋ ಅವನ ಪ್ರತಿಮೆಯ ಕಲ್ಲಿನಲ್ಲಿ ‘ನಾಲ್ಕು’ ಮಕ್ಕಳು ಅಂತಿದ್ದದ್ದನ್ನು ‘ಐದು’ ಅಂತ ತಿದ್ದಿ, ಆಕೆಯ ಹೆಸರನ್ನೂ ಕೆತ್ತಿದರು.

ಆ 24 ಗಂಟೆಯ ದಾಖಲೆಯನ್ನು 2025ರಲ್ಲಿ ಮುರಿದವರು ಕೋರಿ ಬುಕರ್. ಕಪ್ಪು ಸೆನೆಟರ್. 25 ಗಂಟೆ 5 ನಿಮಿಷ.

ಗೆಳೆಯರೇ, ಯಾರಾದ್ರೂ ರಕ್ತದ ಶುದ್ಧಿ ಬಗ್ಗೆ ಭಾಷಣ ಬಿಗಿದಾಗ, ಆ ಮನೇಲಿ ಕಸ ಗುಡಿಸೋ ಹೆಣ್ಣುಮಗಳ ಹೆಸರೇನು ಅಂತ ಕೇಳಿ. ಮಗಳ ಹೆಸರು ಕಲ್ಲಿನ ಮೇಲೆ ಬಂತು. ತಾಯಿ ಕ್ಯಾರಿ ಬಟ್ಲರ್ ಹೆಸರನ್ನ ನಾವಾದ್ರೂ ನೆನಪಿಟ್ಟುಕೊಳ್ಳೋಣ.

ಜೈ ಭೀಮ್.