22 ದಿನ ತಡೆದು ನಿಂತ ಮರ

1853ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲವೆರಸ್ ಕಾಡಿನಲ್ಲಿ ಐದು ಜನ ಸೇರಿ ಒಂದು ಮರ ಉರುಳಿಸಲು ಹೊರಟರು. ಅದು ದೈತ್ಯ ಸಿಕೋಯಾ. ಬುಡದ ಅಡ್ಡಳತೆ ಸುಮಾರು 25 ಅಡಿ. ಅಷ್ಟು ದಪ್ಪದ ಕಾಂಡಕ್ಕೆ ಸಾಲುವ ಗರಗಸ ಅವರಲ್ಲಿರಲಿಲ್ಲ. ಹಾಗಾಗಿ ಉದ್ದನೆಯ ಬೈರಿಗೆಗಳಿಂದ ಸುತ್ತಲೂ ಒಂದರ ಪಕ್ಕ ಒಂದರಂತೆ ತೂತು ಕೊರೆಯುತ್ತ ಹೋದರು. ಕೆಲಸಕ್ಕೆ 22 ದಿನ ಹಿಡಿಯಿತು. ಪೂರ್ತಿ ಕೊರೆದ ಮೇಲೂ ಮರ ತನ್ನ ಭಾರದಲ್ಲೇ ನಿಂತಿತ್ತು, ಬೆಣೆ ಹೊಡೆಯಬೇಕಾಯಿತು. ಬಿದ್ದ ಮರದ ಉಂಗುರಗಳನ್ನು ಎಣಿಸಿದಾಗ ಸಿಕ್ಕ ಲೆಕ್ಕ 1,244 ವರ್ಷ.

ಅದನ್ನು ಉರುಳಿಸಿದ್ದು ಮನೆ ಕಟ್ಟಲಿಕ್ಕಲ್ಲ, ಅದರ ತುಂಡುಗಳನ್ನು ದೂರದ ಊರುಗಳಲ್ಲಿ ಪ್ರದರ್ಶನಕ್ಕಿಟ್ಟು ಹಣ ಮಾಡಲಿಕ್ಕೆ. ಉಳಿದ ಬೊಡ್ಡೆಯನ್ನು ಹದಗೊಳಿಸಿ ಅದರ ಮೇಲೆ ಜನ ನೃತ್ಯ ಮಾಡಿದರು. ಬೊಡ್ಡೆ ಈಗಲೂ ಅಲ್ಲೇ ಇದೆ. ಆದರೆ ಅದೇ ವರ್ಷ ಅಮೆರಿಕದ ಪತ್ರಿಕೆಯೊಂದರಲ್ಲಿ ಈ ಕೃತ್ಯದ ವಿರುದ್ಧ ಆಕ್ಷೇಪವೂ ಬಂತು. 1864ರಲ್ಲಿ ಲಿಂಕನ್ ಸಹಿ ಹಾಕಿದ ಕಾಯಿದೆಯೊಂದು ಯೊಸೆಮಿಟಿ ಕಣಿವೆಯ ಜೊತೆಗೆ ಮ್ಯಾರಿಪೋಸಾದ ಸಿಕೋಯಾ ತೋಪನ್ನೂ ರಕ್ಷಣೆಗೆ ಒಳಪಡಿಸಿತು.

ಈ ಪ್ರಸಂಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆ 22 ದಿನಗಳು. ಬೃಹತ್ ಮರಗಳನ್ನು ಮನುಷ್ಯರಿಂದ ಬಹುಕಾಲ ಕಾಪಾಡಿದ್ದು ದಯೆಯಲ್ಲ, ಕಾನೂನೂ ಅಲ್ಲ. ಅವುಗಳ ದಪ್ಪವೇ ಅವುಗಳ ಕಾವಲು.

ಕರಾವಳಿಯ ರೆಡ್‌ವುಡ್ ಕಾಡುಗಳಲ್ಲಿ ಕೆಲಸಗಾರರು ಮರದ ಉಬ್ಬಿದ ಬುಡವನ್ನು ಬಿಟ್ಟು, ಆಳೆತ್ತರಕ್ಕೂ ಮೇಲೆ ಕಾಂಡದಲ್ಲಿ ಗಾಡಿ ಕೊರೆದು ಹಲಗೆ ಸಿಕ್ಕಿಸುತ್ತಿದ್ದರು. ಆ ಹಲಗೆಯ ಮೇಲೆ ನಿಂತು, ಮರ ಬೀಳಬೇಕಾದ ದಿಕ್ಕಿಗೆ ಕೊಡಲಿಯಿಂದ ದೊಡ್ಡ ಬಾಯಿ ತೆಗೆಯುತ್ತಿದ್ದರು. ಆಮೇಲೆ ಹಿಂಬದಿಯಿಂದ ಇಬ್ಬರು ಎಳೆಯುವ ಉದ್ದ ಗರಗಸದ ಕೊಯ್ತ. ಗರಗಸ ಸಿಕ್ಕಿಕೊಳ್ಳದಂತೆ ಅದರ ಬೆನ್ನಿಗೇ ಬೆಣೆ ಬಡಿಯಬೇಕು. ಅಷ್ಟು ಭಾರದ ಮರ ಗಟ್ಟಿ ನೆಲಕ್ಕೆ ಅಪ್ಪಳಿಸಿದರೆ ಒಡೆದು ಹಾಳಾಗುತ್ತದೆಂದು ಅದು ಮಲಗುವ ಜಾಗದಲ್ಲಿ ಕೊಂಬೆಗಳ ಹಾಸಿಗೆಯನ್ನೂ ಸಿದ್ಧಪಡಿಸುತ್ತಿದ್ದರು. ದೊಡ್ಡದೊಂದು ಮರಕ್ಕೆ ದಿನಗಳೇ ಹಿಡಿಯುತ್ತಿದ್ದವು.

ಈ ನಿಧಾನವನ್ನು ಮುಗಿಸಿದ ಯಂತ್ರ ಹುಟ್ಟಿದ್ದು ಕಾಡಿನಲ್ಲಲ್ಲ. ಸರಪಳಿಗೆ ಹಲ್ಲು ಕೂರಿಸುವ ಉಪಾಯ 18ನೇ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ವೈದ್ಯರಾದ ಜಾನ್ ಐಟ್ಕೆನ್ ಮತ್ತು ಜೇಮ್ಸ್ ಜೆಫ್ರಿ ಅವರದು. ಕಷ್ಟದ ಹೆರಿಗೆಯಲ್ಲಿ, ಕೊಳೆತ ಮೂಳೆಯ ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಪುಟ್ಟ ಕೈಗರಗಸ ಅದು. ಅಲ್ಲೂ ಉದ್ದೇಶ ಬೇಗ ಕೊಯ್ದು ಮುಗಿಸುವುದೇ, ನೋವಿನ ಹೊತ್ತು ಕಡಿಮೆಯಾಗಲೆಂದು. 1926ರಲ್ಲಿ ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ ವಿದ್ಯುತ್ತಿನ ಚೈನ್‌ಸಾ ತಯಾರಿಸಿದರು. 1929ರಲ್ಲಿ ಪೆಟ್ರೋಲಿನದು ಬಂತು. ಅವು ಇಬ್ಬರು ಹಿಡಿಯಬೇಕಾದಷ್ಟು ಭಾರ. ಹಲ್ಲುಗಳೋ ಬೇಗ ಮೊಂಡಾಗುತ್ತಿದ್ದವು. ಅಮೆರಿಕದ ಓರೆಗಾನ್‌ನಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್ 1946ರಲ್ಲಿ ಬೊಡ್ಡೆಯೊಂದರಲ್ಲಿ ಮರಕೊರಕ ಜೀರುಂಡೆಯ ಮರಿಹುಳುವನ್ನು ಗಮನಿಸಿದರು. ಅದರ ಬಾಗಿದ ದವಡೆಗಳು ಎಡಕ್ಕೂ ಬಲಕ್ಕೂ ಆಡುತ್ತ, ಮರದ ಎಳೆಗೆ ಅಡ್ಡಲಾಗಿಯೂ ಉದ್ದಕ್ಕೂ ಸಲೀಸಾಗಿ ಕೊರೆಯುತ್ತಿದ್ದವು. ಅದೇ ಆಕಾರದ ಹಲ್ಲುಗಳನ್ನು ಅವರು ಸರಪಳಿಗೆ ಇಳಿಸಿದರು. ಇಂದಿನ ಸರಪಳಿಗಳೂ ಬಹುಮಟ್ಟಿಗೆ ಅದೇ ಮಾದರಿಯವು. 1950ರ ಹೊತ್ತಿಗೆ ಒಬ್ಬನೇ ಹಿಡಿದು ಕೊಯ್ಯಬಲ್ಲ ಯಂತ್ರಗಳು ಮಾರುಕಟ್ಟೆಗೆ ಬಂದವು. ಅದರ ಪಟ್ಟಿಗಿಂತ ಮರವೇ ದಪ್ಪವಿದ್ದರೆ ಸುತ್ತ ತಿರುಗಿ ಎರಡೂ ಬದಿಯಿಂದ ಕೊಯ್ದರಾಯಿತು.

ಎಲ್ಲ ಪಾಪವನ್ನೂ ಚೈನ್‌ಸಾದ ತಲೆಗೆ ಕಟ್ಟುವುದು ಇತಿಹಾಸವಾಗುವುದಿಲ್ಲ. ಅದು ಬರುವ ಮೊದಲೇ ಕೊಡಲಿ, ಕೈಗರಗಸ, ದಿಮ್ಮಿ ಎಳೆಯುವ ಎತ್ತು, ಉಗಿಯಂತ್ರಗಳು ರೆಡ್‌ವುಡ್ ಕಾಡಿನ ದೊಡ್ಡ ಪಾಲನ್ನು ಮುಗಿಸಿದ್ದವು. ಉಳಿದ ಮರಗಳಿಗಾಗಿ ಹೋರಾಡುವ ಸಂಸ್ಥೆ 1918ರಲ್ಲೇ ಹುಟ್ಟಿತ್ತು. ಯಂತ್ರ ಕಿತ್ತುಕೊಂಡದ್ದು ಬಿಡುವನ್ನು. ಮೊದಲ ಗಾಯಕ್ಕೂ ಮರ ಬೀಳುವುದಕ್ಕೂ ನಡುವೆ ಯಾರಾದರೂ ಬಂದು ‘ಬೇಡ’ ಎನ್ನಬಹುದಾದ ಹೊತ್ತು ಅದು.

ಆ ಹೊತ್ತನ್ನು ಮರಳಿ ಗಳಿಸಲು ಏನು ತೆರಬೇಕಾಗುತ್ತದೆ? 1997ರ ಡಿಸೆಂಬರ್ 10ರಂದು ಜೂಲಿಯಾ ಬಟರ್‌ಫ್ಲೈ ಹಿಲ್ ಎಂಬ ಯುವತಿ ಕ್ಯಾಲಿಫೋರ್ನಿಯಾದ ಹಂಬೋಲ್ಟ್ ಪ್ರದೇಶದಲ್ಲಿ ‘ಲೂನಾ’ ಎಂಬ ಹೆಸರಿನ ರೆಡ್‌ವುಡ್ ಮರ ಹತ್ತಿದರು. ಕೆಳಗಿಳಿದದ್ದು 738 ದಿನಗಳ ನಂತರ, ಲೂನಾವನ್ನೂ ಸುತ್ತಲಿನ ಮರಗಳನ್ನೂ ಕಡಿಯುವುದಿಲ್ಲವೆಂದು ಕಂಪನಿ ಒಪ್ಪಿದ ಮೇಲೆ. ಮುಂದಿನ ವರ್ಷ, 2000ದ ನವೆಂಬರಿನಲ್ಲಿ, ಲೂನಾದ ಬುಡದಲ್ಲಿ ಚೈನ್‌ಸಾದ ಆಳವಾದ ಕೊಯ್ತ ಕಂಡಿತು. ಯಾರೋ ಬಂದು ಸುತ್ತಳತೆಯ ದೊಡ್ಡ ಭಾಗವನ್ನು ಕೊಯ್ದು ಹೋಗಿದ್ದರು. ಎರಡು ವರ್ಷ ಕಾದ ಮರಕ್ಕೆ ಈ ಗಾಯ ಮಾಡಲು ಅವರಿಗೆ ದಿನಗಳು ಬೇಕಿರಲಿಲ್ಲ. ಉಕ್ಕಿನ ಪಟ್ಟಿಗಳನ್ನು ಬಿಗಿದು, ತಂತಿ ಕಟ್ಟಿ ಮರವನ್ನು ನಿಲ್ಲಿಸಿದರು. ಲೂನಾ ಬದುಕಿತು.

ಇದನ್ನು ಓದುವಾಗ ನಮ್ಮ ಸಲ್ಕಣಿ ನೆನಪಾಗದೆ ಇರದು. 1983ರ ಸೆಪ್ಟೆಂಬರ್ 8ರಂದು ಶಿರಸಿ ಸೀಮೆಯ ಆ ಊರಿನ ಜನ ಕಳಸೆ ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿಕೊಂಡರು. ‘ಅಪ್ಪಿಕೋ’ ಎಂಬ ಹೆಸರು ಚಳವಳಿಗೆ ಬಂದದ್ದು ಹಾಗೆ. ಅಪ್ಪುಗೆ ಗರಗಸವನ್ನು ಮುರಿಯುವುದಿಲ್ಲ. ಹಲ್ಲಿಗೂ ಮರಕ್ಕೂ ನಡುವೆ ಒಂದು ಮೈಯನ್ನು ಇಟ್ಟು ಕೆಲಸವನ್ನು ತಡಮಾಡುತ್ತದೆ, ಅಷ್ಟೆ. ಕ್ಯಾಲವೆರಸ್‌ನ ಮರ ತನ್ನ ದಪ್ಪದಿಂದ ಗಳಿಸಿದ್ದನ್ನು ಸಲ್ಕಣಿಯವರು ತಮ್ಮ ತೋಳುಗಳಿಂದ ಗಳಿಸಿಕೊಟ್ಟರು.

ಕನ್ನಡದಲ್ಲಿ ಕೊಡಲಿಯಿಂದ ಮರ ‘ಕಡಿಯುತ್ತೇವೆ’, ಗರಗಸದಿಂದ ‘ಕೊಯ್ಯುತ್ತೇವೆ’. ಹೂವನ್ನೂ ಬತ್ತವನ್ನೂ ಕೊಯ್ಯುತ್ತೇವೆ. ಆದರೆ ಕೊಯ್ಲು ಎಂಬ ಮಾತಿನಲ್ಲಿ ಮುಂದಿನ ಬೆಳೆಯ ಭರವಸೆ ಇದೆ. ಬತ್ತಕ್ಕೆ ಅದು ಮುಂದಿನ ಹಂಗಾಮು; ತೇಗದ ನೆಡುತೋಪಿಗೆ ಒಂದೆರಡು ತಲೆಮಾರು. 1,244 ವರ್ಷದ ಮರಕ್ಕೆ ಮುಂದಿನ ಬೆಳೆ ಯಾವುದು? ಈ ಪ್ರಶ್ನೆ ಕೇಳಿಕೊಳ್ಳಲು 1853ರಲ್ಲಿ 22 ದಿನ ಸಿಕ್ಕಿದ್ದವು, ಆದರೂ ಆ ಐವರು ನಿಲ್ಲಿಸಲಿಲ್ಲ. ನಮಗೆ ಅಷ್ಟು ಹೊತ್ತೂ ಇಲ್ಲ. ಯಂತ್ರದ ಸದ್ದು ಕೇಳಿಸುವ ಮೊದಲೇ ಕೇಳಿಕೊಂಡಿರಬೇಕು.